ಪದ್ಯಕ್ಕೆ ನಾಲ್ಕು ನಿಮಿಷ, ಅರ್ಥಕ್ಕೆ ಹದಿನಾಲ್ಕು

ಪ್ರಶ್ನೆ: ನಾನು ಕುಮಟಾದ ನಿವೃತ್ತ ಮಾಸ್ತರ. ತಾಳಮದ್ದಳೆ, ಯಕ್ಷಗಾನ, ಶಿರಸಿ-ಸಿದ್ದಾಪುರ ಕಡೆಯ ಹಿಂದೂಸ್ತಾನಿ ಬೈಠಕ್ ಬಿಟ್ಟರೆ ಬೇರೆ ಸಂಗೀತ ಕೇಳಿದವನಲ್ಲ. ಕಳೆದ ತಿಂಗಳು ಮಗಳು ಕಾರವಾರದ ಕಡಲತೀರದಲ್ಲಿ ಒಂದು ಬ್ಯಾಂಡ್ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋದಳು. ಹಳೆಯ ರಾಕ್ ಹಾಡುಗಳನ್ನು ಬ್ಲೂಸ್ ಮತ್ತು ಫಂಕ್ ಧಾಟಿಯಲ್ಲಿ ನುಡಿಸುವ ಜಾಮ್ ಬ್ಯಾಂಡ್ ಎಂದಳು. ‘ಆಲ್ ಅಲಾಂಗ್ ದಿ ವಾಚ್‌ಟವರ್’ ಎಂಬ ಹಾಡು ಅವಳ ಮೊಬೈಲಿನಲ್ಲಿ ನಾಲ್ಕು ನಿಮಿಷವಿದೆ. ಅಲ್ಲಿ ಹದಿನೆಂಟು ನಿಮಿಷ ನಡೆಯಿತು. ನಡುವೆ ಹಾಡೇ ಕಳೆದುಹೋಯಿತು, ಬೇರೊಂದು ಹಾಡು ಬಂದುಹೋಯಿತು, ಕೊನೆಗೆ ಮೊದಲಿನದೇ ಮರಳಿ ಬಂತು. ಕಾಲು ತಾನಾಗಿ ತಾಳ ಹಾಕುತ್ತಿತ್ತು, ತಲೆಗೆ ಮಾತ್ರ ಏನೂ ಹತ್ತಲಿಲ್ಲ. ಇದು ತಯಾರಿ ಇಲ್ಲದ ಕಾಲಹರಣವೋ, ಇದಕ್ಕೊಂದು ಕ್ರಮ ಇದೆಯೋ? ಅದೇ ತಂಡ ಮುಂದಿನ ತಿಂಗಳು ಮತ್ತೆ ಬರುತ್ತದೆಯಂತೆ. ಹೋದರೆ ಹೇಗೆ ಕೇಳಬೇಕು? ಇನ್ನೊಂದು ಮಾತು: ಈ ಸಂಗೀತದ ಬೇರು ಆಫ್ರಿಕಾದಲ್ಲಿದೆ ಎನ್ನುತ್ತಾರೆ. ನಮ್ಮ ಯಲ್ಲಾಪುರದ ಸಿದ್ದಿಯರ ಡಮಾಮಿ ಕುಣಿತಕ್ಕೂ ಇದಕ್ಕೂ ನಂಟು ಇದೆಯೇ?

ಉತ್ತರ: ಮಾಸ್ತರೇ, ಕಾಲು ತಾನಾಗಿ ತಾಳ ಹಾಕಿತು ಎಂದು ಬರೆದಿದ್ದೀರಿ. ಆ ಒಂದು ಸಾಲು ಓದಿ ನನಗೆ ಬಹಳ ಸಂತೋಷವಾಯಿತು. ಈ ಸಂಗೀತ ಮೊದಲು ತಲುಪಬೇಕಾದದ್ದು ಕಾಲಿಗೇ; ತಲೆಗೆ ಹತ್ತುವುದು ಆಮೇಲೆ. ಕ್ರಮ ಖಂಡಿತ ಇದೆ. ಅದನ್ನು ಹಿಡಿಯಲು ಬೇಕಾದ ಕಿವಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಆಗಲೇ ಪಳಗಿರುತ್ತದೆ. ನಾನು ಹುಟ್ಟಿದ್ದು ಶಿರಸಿ ಸೀಮೆಯಲ್ಲಿ, ಸೋದರಮಾವ ಮದ್ದಳೆಗಾರರು. ಬೇಸ್ ಗಿಟಾರ್ ಹಿಡಿದು ಇಪ್ಪತ್ತೈದು ವರ್ಷವಾಯಿತು. ಕಾರವಾರ, ಗೋಕರ್ಣ, ಮಾಜಾಳಿ ಗಡಿಯಾಚೆಯ ಕಾಣಕೋಣ, ಹೀಗೆ ಈ ಕರಾವಳಿಯ ಉದ್ದಕ್ಕೂ ಇಂಥ ತಂಡಗಳಲ್ಲಿ ನುಡಿಸಿದ್ದೇನೆ. ಮಾವನ ಪಕ್ಕ ಕುಳಿತು ಕಲಿತದ್ದು ವೇದಿಕೆಯ ಮೇಲೆ ನನಗೆ ಉಪಯೋಗಕ್ಕೆ ಬಂದಷ್ಟು ಬೇರೆ ಯಾವ ಪಾಠವೂ ಬಂದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹೇಳುತ್ತಾರೆ. ಪದ್ಯ ಕವಿ ಬರೆದಿಟ್ಟದ್ದು, ಎದುರು ಕೂತ ಅರ್ಧ ಜನರಿಗೆ ಬಾಯಿಪಾಠ. ಪದ್ಯ ಮುಗಿದ ಮೇಲೆ ಅರ್ಥಧಾರಿ ಮಾತಿಗೆ ತೊಡಗುತ್ತಾರೆ. ಆ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಕರ್ಣನ ಅರ್ಥ ಹೇಳುವವರು ನಿನ್ನೆ ಹೇಳಿದ್ದನ್ನೇ ಇಂದು ಹೇಳುವುದಿಲ್ಲ. ಎದುರಿಗೆ ಕೃಷ್ಣನಾಗಿ ಯಾರು ಕೂತಿದ್ದಾರೆ, ಅವರು ಯಾವ ಮಾತು ಎಸೆದರು ಎಂಬುದರ ಮೇಲೆ ಇವರ ಮಾತು ಹೊರಳುತ್ತದೆ. ಹಾಗೆಂದು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುವಂತಿಲ್ಲ. ಪ್ರಸಂಗದ ನಡೆ ಇದೆ, ಪಾತ್ರದ ಎಲ್ಲೆ ಇದೆ, ಕೊನೆಗೆ ಮುಂದಿನ ಪದ್ಯಕ್ಕೆ ಸರಿಯಾದ ಎತ್ತುಗಡೆ ಕೊಡಬೇಕು. ಜಾಮ್ ಬ್ಯಾಂಡ್ ಮಾಡುವುದು ಇದನ್ನೇ. ಹಾಡು ಎಂದರೆ ಪದ್ಯ. ನೀವು ಲೆಕ್ಕ ಹಾಕಿದ ಹೆಚ್ಚುವರಿ ಹದಿನಾಲ್ಕು ನಿಮಿಷ ಅರ್ಥ. ಹಾಡು ಕಳೆದುಹೋಯಿತು ಎಂದು ನಿಮಗೆ ಅನಿಸಿದ ಹೊತ್ತಿನಲ್ಲಿ ಭಾಗವತರು ತಾಳ ಕೆಳಗಿಟ್ಟು ಅರ್ಥಧಾರಿಯ ಮುಖ ನೋಡುತ್ತಿದ್ದರು, ಅಷ್ಟೆ.

ಹೊಸ ಹಾಡು ಬಿಟ್ಟು ಐವತ್ತು ವರ್ಷ ಹಳೆಯ ಹಾಡುಗಳನ್ನೇ ಏಕೆ ಎತ್ತಿಕೊಳ್ಳುತ್ತಾರೆ ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಪದ್ಯ ಗೊತ್ತಿದ್ದರೆ ತಾನೇ ಅರ್ಥದ ರುಚಿ? ‘ಕರ್ಣಭೇದನ’ದ ಕಥೆ ಗೊತ್ತಿಲ್ಲದವನಿಗೆ ಕರ್ಣನ ಸಂಕಟವನ್ನು ಇವತ್ತು ಯಾರು ಹೊಸದಾಗಿ ಹೇಳಿದರು ಎಂಬುದು ತಿಳಿಯುವುದೇ ಇಲ್ಲ.

ನೀವು ಹೆಸರಿಸಿದ ಹಾಡಿನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಬರೆದು 1967ರಲ್ಲಿ ಹಾಡಿದವರು ಬಾಬ್ ಡಿಲನ್: ಒಂದು ಅಕೌಸ್ಟಿಕ್ ಗಿಟಾರ್, ಬಾಯಿಗೆ ಕಟ್ಟಿದ ಹಾರ್ಮೋನಿಕಾ, ಹಿಂದೆ ಮೆಲ್ಲಗೆ ಬೇಸ್ ಮತ್ತು ಡ್ರಮ್ಸ್, ಎರಡೂವರೆ ನಿಮಿಷ. ಮರುವರ್ಷವೇ ಜಿಮಿ ಹೆಂಡ್ರಿಕ್ಸ್ ಅದನ್ನು ಎತ್ತಿಕೊಂಡು ಬಿರುಗಾಳಿಯಂಥ ಎಲೆಕ್ಟ್ರಿಕ್ ಗಿಟಾರಿನಲ್ಲಿ ನಾಲ್ಕು ನಿಮಿಷಕ್ಕೆ ಬೆಳೆಸಿದರು. ನಿಮ್ಮ ಮಗಳ ಮೊಬೈಲಿನಲ್ಲಿ ಇರುವುದು ಈ ಎರಡನೆಯದು. ಅಂದರೆ ಅದೇ ಒಂದು ಅರ್ಥಗಾರಿಕೆ. ಹಾಡಿನ ಮೂಳೆ ಬಹಳ ಸರಳ. ಷಡ್ಜದ ಮೇಲೆ ಒಂದು ಕಾರ್ಡ್, ಕೋಮಲ ನಿಷಾದದ ಮೇಲೆ ಒಂದು, ಕೋಮಲ ಧೈವತದ ಮೇಲೆ ಒಂದು, ಮತ್ತೆ ನಿಷಾದ, ಮತ್ತೆ ಷಡ್ಜ. ಕಾರ್ಡ್ ಎಂದರೆ ಮೂರು-ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟುವುದು. ಎಂಟು ಮಾತ್ರೆಗೆ ಈ ಸುತ್ತು ಮುಗಿದು ಮತ್ತೆ ಶುರುವಾಗುತ್ತದೆ, ಕೆಹರ್ವಾ ಠೇಕಾ ತಿರುಗಿದ ಹಾಗೆ. ಪದ್ಯಕ್ಕೂ ಅದೇ ಸುತ್ತು, ವಾದ್ಯಕ್ಕೂ ಅದೇ. ಸುತ್ತಿಗೆ ‘ಮುಗಿಯಿತು’ ಎನ್ನುವ ಜಾಗವೇ ಇಲ್ಲ. ಹದಿನೆಂಟು ನಿಮಿಷ ಪೂರ್ತಿ ಅದನ್ನೇ ತಿರುಗಿಸಿದರೆ ಸುಮಾರು 250 ಸುತ್ತು ಆಗುತ್ತದೆ. ಅರ್ಥ ಬೆಳೆಸಲು ಇಂಥ ಪದ್ಯಕ್ಕಿಂತ ಒಳ್ಳೆಯ ಪದ್ಯ ಸಿಗುವುದು ಕಷ್ಟ.

ಈ ರೂಢಿ ಹುಟ್ಟಿದ ಬಗೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಹಾಡೆಂದರೆ ಮೂರು ನಿಮಿಷಕ್ಕೆ ಮುಗಿಯಬೇಕು ಎಂಬ ಕಾಲದಲ್ಲಿ, 1966ರಲ್ಲಿ, ಷಿಕಾಗೊದ ಪಾಲ್ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡ್ ‘ಈಸ್ಟ್-ವೆಸ್ಟ್’ ಎಂಬ ಹದಿಮೂರು ನಿಮಿಷದ ವಾದ್ಯರಚನೆಯನ್ನು ಧ್ವನಿಮುದ್ರಿಸಿತು. ಗಿಟಾರಿನ ಮೈಕ್ ಬ್ಲೂಮ್‌ಫೀಲ್ಡ್ ಅದನ್ನು ರಾಗಸಂಗೀತದ ಗುಂಗಿನಲ್ಲಿ ಕಟ್ಟಿದ್ದರು: ಒಂದೇ ಷಡ್ಜ, ಅದರ ಮೇಲೆ ವಿಸ್ತಾರ. ಮರುವರ್ಷ ಜೂನ್ 18ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಉತ್ಸವದಲ್ಲಿ ಮಧ್ಯಾಹ್ನ ರವಿಶಂಕರರ ಸಿತಾರ್, ಜೊತೆಗೆ ಅಲ್ಲಾ ರಖಾ ಅವರ ತಬಲಾ. ಅದೇ ದಿನ ರಾತ್ರಿ ಹೆಂಡ್ರಿಕ್ಸ್ ಗಿಟಾರ್. ಜಾಮ್ ಬ್ಯಾಂಡುಗಳ ಹಿರಿಯಣ್ಣ ಎನ್ನಬಹುದಾದ ಗ್ರೇಟ್‌ಫುಲ್ ಡೆಡ್ ತಂಡದ ಡ್ರಮ್ಮರ್ ಮಿಕಿ ಹಾರ್ಟ್, ಅಲ್ಲಾ ರಖಾ ಅವರ ಬಳಿ ಲಯದ ಪಾಠ ಹೇಳಿಸಿಕೊಂಡವರು. ಅಲ್ಲಾ ರಖಾ ಅವರ ಮಗ ಜಾಕಿರ್ ಹುಸೇನರ ಜೊತೆ ದಶಕಗಳ ಕಾಲ ನುಡಿಸಿದವರು. ನಿಮ್ಮ ಬೈಠಕ್ಕಿನ ಕಿವಿ ಈ ಸಂಗೀತದಲ್ಲಿ ತೀರಾ ಪರದೇಶಿಯಾಗುವುದಿಲ್ಲ ಎಂದು ನಾನು ಧೈರ್ಯದಿಂದ ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಬ್ಲೂಸ್‌ಗೆ ಬರುತ್ತೇನೆ. ಇದನ್ನು ಹಿಡಿಯಲು ನಾನು ಶಿಷ್ಯರಿಗೆ ಕೈಬೆರಳಿನಲ್ಲೇ ಲೆಕ್ಕ ಕಲಿಸುತ್ತೇನೆ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳು ನೋಡಿಕೊಳ್ಳಿ. ಒಂದೊಂದರಲ್ಲೂ ಮೂರು ಮೂರು ಗೆಣ್ಣು, ಒಟ್ಟು ಹನ್ನೆರಡು ಮನೆ. ಒಂದೊಂದು ಮನೆಗೂ ನಾಲ್ಕು ಮಾತ್ರೆಯ ಒಂದು ಆವರ್ತ. ಮೇಲಿನ ಸಾಲಿನಲ್ಲಿ, ಅಂದರೆ ನಾಲ್ಕೂ ಬೆರಳ ತುದಿಯಲ್ಲಿ, ಹೆಬ್ಬೆರಳನ್ನು ಒಂದೊಂದಾಗಿ ಸರಿಸುತ್ತ ಹೋಗಿ: ನಾಲ್ಕು ಆವರ್ತವೂ ಷಡ್ಜದ ಕಾರ್ಡ್. ನಡುವಿನ ಸಾಲಿನಲ್ಲಿ ಮೊದಲ ಎರಡು ಮನೆ ಮಧ್ಯಮ, ಉಳಿದೆರಡು ಷಡ್ಜ. ಬುಡದ ಸಾಲಿನಲ್ಲಿ ಮೊದಲ ಮನೆ ಪಂಚಮ, ಎರಡನೆಯದು ಮಧ್ಯಮ, ಆಮೇಲೆ ಮತ್ತೆ ಷಡ್ಜಕ್ಕೆ. ಹನ್ನೆರಡು ಆವರ್ತದ ಬ್ಲೂಸ್ ಎಂದರೆ ಇಷ್ಟೇ. ಸಾಹಿತ್ಯವೂ ಈ ಮೂರು ಸಾಲಿಗೆ ಹೊಂದಿಕೊಂಡಿರುತ್ತದೆ: ಮೊದಲ ಸಾಲಿನಲ್ಲಿ ಒಂದು ಅಳಲು, ಎರಡನೆಯ ಸಾಲಿನಲ್ಲಿ ಅದೇ ಅಳಲು ಇನ್ನೊಮ್ಮೆ, ಮೂರನೆಯ ಸಾಲಿನಲ್ಲಿ ಅದಕ್ಕೊಂದು ಉತ್ತರ. ಎರಡನೆಯ ಸಲ ಅದೇ ಮಾತು ಬಂದಾಗ ಕೆಳಗಿನ ನೆಲ ಷಡ್ಜದಿಂದ ಮಧ್ಯಮಕ್ಕೆ ಸರಿದಿರುತ್ತದೆ. ಮಾತು ಅದೇ, ಭಾರ ಬೇರೆ. ಒಮ್ಮೆ ಬೆರಳಿಟ್ಟು ಎಣಿಸಿ ನೋಡಿ. ಮಧ್ಯಮಕ್ಕೆ ಹೋದಾಗ ಎದೆಯಲ್ಲಿ ಏನೋ ಸರಿದಂತಾಗುತ್ತದೆ. ಇಪ್ಪತ್ತೈದು ವರ್ಷ ನುಡಿಸಿದ ಮೇಲೂ ಐದನೆಯ ಆವರ್ತಕ್ಕೆ ನಾನು ಕಾಯುತ್ತೇನೆ.

ಸ್ವರದ ವಿಷಯದಲ್ಲಿ ನಿಮಗೆ ಇನ್ನೂ ಸುಲಭ. ಬ್ಲೂಸ್ ಗಿಟಾರ್ ಹೆಚ್ಚಾಗಿ ಓಡಾಡುವುದು ಸಾ, ಕೋಮಲ ಗಾ, ಮಾ, ಪಾ, ಕೋಮಲ ನೀ ಎಂಬ ಐದು ಸ್ವರಗಳಲ್ಲಿ. ಇದು ನಿಮ್ಮ ಧಾನಿ ರಾಗದ ಸ್ವರಪಂಕ್ತಿಯೇ. ಆದರೆ ಹಿಂದಿನ ಕಾರ್ಡ್ ಶುದ್ಧ ಗಾಂಧಾರವನ್ನು ಹಿಡಿದು ನಿಂತಿರುತ್ತದೆ. ಮುಂದೆ ಹಾಡುವವನು ಕೋಮಲ ಗಾಂಧಾರದಿಂದ ಮೇಲಕ್ಕೆ ತಳ್ಳಿ ಎರಡರ ನಡುವೆ ಎಲ್ಲೋ ನಿಲ್ಲುತ್ತಾನೆ. ಗಿಟಾರಿನಲ್ಲಾದರೆ ಎಡಗೈ ಬೆರಳು ತಂತಿಯನ್ನು ಅಡ್ಡಕ್ಕೆ ನೂಕಿ ಸ್ವರವನ್ನು ಎಳೆಯುತ್ತದೆ, ಸಿತಾರಿನ ಮೀಂಡ್ ತರಹ. ಆ ಎರಡು ಗಾಂಧಾರಗಳ ತಿಕ್ಕಾಟವೇ ಬ್ಲೂಸ್‌ನ ನೋವು. ಕೇಳುವಾಗ ಜೋಗ್ ರಾಗ ನೆನಪಾದರೆ ಅದು ಸಹಜ. ಅಲ್ಲೂ ಎರಡು ಗಾಂಧಾರ, ಕೋಮಲ ನಿಷಾದ.

ರಾಕ್ ಹಾಡಿಗೆ ಬ್ಲೂಸ್ ಬೆರೆಸುತ್ತಾರೆ ಎಂದು ನಿಮ್ಮ ಮಗಳು ಹೇಳಿದ್ದು ಸರಿ. ನಾನಾದರೆ, ರಾಕ್ ಹಾಡನ್ನು ಅದರ ತವರಿಗೆ ಕರೆದುಕೊಂಡು ಹೋಗುತ್ತಾರೆ ಎಂದು ಹೇಳುತ್ತೇನೆ. 1936ರಲ್ಲಿ ರಾಬರ್ಟ್ ಜಾನ್ಸನ್ ಎಂಬ ಕಪ್ಪು ಗಾಯಕ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಒಂಟಿ ಗಿಟಾರ್ ಹಿಡಿದು ಹಾಡಿದ ‘ಕ್ರಾಸ್ ರೋಡ್ ಬ್ಲೂಸ್’ ಅನ್ನು, ಇಂಗ್ಲೆಂಡಿನ ಕ್ರೀಮ್ ತಂಡ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯಲ್ಲಿ ಗುಡುಗಿನಂತೆ ನುಡಿಸಿತು. ಅಂಧ ಗಾಯಕ ವಿಲ್ಲಿ ಮೆಕ್‌ಟೆಲ್ 1928ರಲ್ಲಿ ಹಾಡಿದ ‘ಸ್ಟೇಟ್ಸ್‌ಬರೊ ಬ್ಲೂಸ್’, 1971ರಲ್ಲಿ ಆಲ್‌ಮನ್ ಬ್ರದರ್ಸ್ ತಂಡದ ನ್ಯೂಯಾರ್ಕ್ ಕಚೇರಿಯ ಆರಂಭದ ಹಾಡಾಯಿತು. ಇಂದು ಹಳೆಯ ರಾಕ್ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಹೀಗೆ ಬಡ ಕಪ್ಪು ಗಾಯಕರಿಂದ ಬಂದದ್ದು. ಅವರಲ್ಲಿ ಅನೇಕರಿಗೆ ಸಲ್ಲಬೇಕಾದ ಹಣವೂ ಹೆಸರೂ ಸಕಾಲಕ್ಕೆ ಸಲ್ಲಲಿಲ್ಲ. ವೇದಿಕೆಯ ಮೇಲೆ ಮೂಲ ಹಾಡಿದವರ ಹೆಸರು ಹೇಳಿ ಹಾಡು ಎತ್ತುವ ತಂಡಗಳ ಮೇಲೆ ನನಗೆ ವಿಶೇಷ ಗೌರವ. ಭಾಗವತರು ಕವಿಯ ಅಂಕಿತ ಬಿಟ್ಟು ಪದ್ಯ ಹೇಳುತ್ತಾರೆಯೇ?

ಇನ್ನು ಫಂಕ್. ನಿಮ್ಮ ಕಾಲನ್ನು ಕುಣಿಸಿದ್ದು ಇದೇ, ನನ್ನ ಕಸುಬೂ ಇದೇ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಹೇಳಿದರೆ ಸಹಿಸಿಕೊಳ್ಳಿ.

1960ರ ದಶಕದ ನಡುವಿನಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತಮ್ಮ ತಂಡದವರಿಗೆ ಒಂದೇ ಒಂದು ಮಾತನ್ನು ಒತ್ತಿ ಹೇಳುತ್ತಿದ್ದರು: ಒನ್. ಆವರ್ತದ ಮೊದಲ ಮಾತ್ರೆ. ಎಲ್ಲಿ ಬೇಕಾದರೂ ಓಡಾಡಿ, ಏನು ಬೇಕಾದರೂ ಮಾಡಿ, ಒಂದನೆಯ ಮಾತ್ರೆಗೆ ಎಲ್ಲರೂ ಒಟ್ಟಿಗೆ ನೆಲಕ್ಕೆ ಇಳಿಯಬೇಕು. ನಿಮಗೆ ಇದು ಹೊಸದಲ್ಲ, ಇದು ನಿಮ್ಮ ಸಮ್. ತಬಲಾದವರು ತಿಹಾಯಿ ಹೊಡೆದು ಸಮ್‌ಗೆ ಬಂದಾಗ ಬೈಠಕ್ಕಿನಲ್ಲಿ ಎಲ್ಲರ ತಲೆ ಒಟ್ಟಿಗೆ ಹೇಗೆ ತೂಗುತ್ತದೆಯೋ ಹಾಗೆ ಫಂಕ್‌ನಲ್ಲಿ ಎಲ್ಲರ ಸೊಂಟ ಒಟ್ಟಿಗೆ ಇಳಿಯುತ್ತದೆ. ವ್ಯತ್ಯಾಸ ಇಷ್ಟು: ಅಲ್ಲಿ ಸಮ್ ಹದಿನಾರು ಮಾತ್ರೆಗೊಮ್ಮೆ ಬರಬಹುದು, ಇಲ್ಲಿ ನಾಲ್ಕು ಮಾತ್ರೆಗೊಮ್ಮೆ ಬಂದೇ ಬರುತ್ತದೆ. ಕಾರ್ಡ್ ಬದಲಾವಣೆಯೂ ಕಡಿಮೆ. 1967ರ ‘ಕೋಲ್ಡ್ ಸ್ವೆಟ್’ ಹಾಡಿನಲ್ಲಿ ತಂಡ ಬಹುಪಾಲು ಒಂದೇ ಕಾರ್ಡಿನ ಮೇಲೆ ನಿಂತಿರುತ್ತದೆ. ಸ್ವರಕ್ಕೆ ಹೋಗುತ್ತಿದ್ದ ಗಮನವೆಲ್ಲ ಲಯದ ಮೇಲೆ ಬೀಳುತ್ತದೆ. ಗಿಟಾರ್ ಕೂಡ ಇಲ್ಲಿ ಚರ್ಮವಾದ್ಯವೇ: ಎಡಗೈಯನ್ನು ತಂತಿಯ ಮೇಲೆ ಸಡಿಲವಾಗಿ ಇಟ್ಟು ಬಲಗೈಯಿಂದ ಗೀರಿದರೆ ಸ್ವರ ಹುಟ್ಟದೆ ‘ಚಕ್ ಚಕ್’ ಎಂಬ ಸದ್ದು ಮಾತ್ರ ಬರುತ್ತದೆ.

ಬ್ಲೂಸ್ ಹಾಡನ್ನು ಫಂಕ್ ಮಾಡುವುದು ಎಂದರೆ ಏನು ಎಂದು ಕೊನ್ನಕ್ಕೋಲಿನಲ್ಲಿ, ಅಂದರೆ ಲಯದ ಬಾಯಿಸೊಲ್ಲುಗಳಲ್ಲಿ, ಹೇಳಿದರೆ ಒಂದೇ ನಿಮಿಷದ ಕೆಲಸ. ಹಳೆಯ ಬ್ಲೂಸ್‌ನ ನಡೆ ತಿಶ್ರ. ಪ್ರತಿ ಮಾತ್ರೆಯಲ್ಲೂ ‘ತಕಿಟ’, ನಡುವಿನ ‘ಕಿ’ಯನ್ನು ನುಂಗಬೇಕು: ತ-ಟ, ತ-ಟ, ತ-ಟ. ಎತ್ತಿನಗಾಡಿ ಇಳಿಜಾರಿನಲ್ಲಿ ಹೋಗುವ ಓಲಾಟ ಅದಕ್ಕಿದೆ. ಫಂಕ್‌ನ ನಡೆ ಚತುರಶ್ರ. ಪ್ರತಿ ಮಾತ್ರೆಯಲ್ಲೂ ‘ತಕಧಿಮಿ’, ಅದರಲ್ಲಿ ಯಾವುದನ್ನು ನುಂಗಬೇಕು, ಯಾವುದನ್ನು ಉಸಿರಿನಷ್ಟು ಮೆಲ್ಲಗೆ ಮುಟ್ಟಬೇಕು ಎಂಬುದರಲ್ಲಿ ಕಲೆ ಇದೆ. ಅದೇ ಸಾಹಿತ್ಯ, ಅದೇ ಧಾನಿ ಸ್ವರ, ಕೆಳಗಿನ ನಡೆ ಮಾತ್ರ ತಿಶ್ರದಿಂದ ಚತುರಶ್ರಕ್ಕೆ ಹೊರಳುತ್ತದೆ. ನೀವು ಕೇಳಿದ ತಂಡ ಇದನ್ನು ಹಾಡಿನ ನಡುವೆಯೇ ಮಾಡಿರಬಹುದು. ‘ಇದ್ದಕ್ಕಿದ್ದಂತೆ ಬೇರೆ ಹಾಡಾಯಿತು’ ಎಂದು ಅನಿಸುವ ಕ್ಷಣಗಳಲ್ಲಿ ಅನೇಕ ಸಲ ಆಗಿರುವುದು ಇಷ್ಟೇ.

ಡ್ರಮ್ಮರಿನ ಎಡಗೈಯನ್ನು ಈ ಸಲ ಹತ್ತಿರದಿಂದ ನೋಡಿ. ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಸ್ನೇರ್ ಡ್ರಮ್ಮಿನ ಮೇಲೆ ಬೀಳುವ ದೊಡ್ಡ ಹೊಡೆತ ಎಲ್ಲರಿಗೂ ಕೇಳುತ್ತದೆ. ಅವುಗಳ ನಡುವೆ ಕೋಲು ಚರ್ಮದ ಮೇಲೆ ಬೆರಳುದ್ದ ಎತ್ತರದಿಂದ ಜಿನುಗು ಮಳೆಯಂತೆ ಬೀಳುತ್ತಲೇ ಇರುತ್ತದೆ. ದೂರದಲ್ಲಿ ನಿಂತವರಿಗೆ ಅದು ಬಿಡಿಬಿಡಿಯಾಗಿ ಕೇಳುವುದಿಲ್ಲ. ಅದು ನಿಂತರೆ ಮಾತ್ರ ಏನೋ ಖಾಲಿಯಾಯಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಮಾವ ಮದ್ದಳೆಯ ಎಡಮುಖದಲ್ಲಿ ಮಾಡುತ್ತಿದ್ದ ಸಣ್ಣ ಕೆಲಸ ನನಗೆ ನೆನಪಾಗುವುದು ಇಲ್ಲೇ. ನನ್ನ ಬೇಸ್‌ನ ಕೆಲಸವೋ, ಅರ್ಧ ನುಡಿಸುವುದು, ಅರ್ಧ ಸುಮ್ಮನಿರುವುದು. ಒಂದನೆಯ ಮಾತ್ರೆಗೆ ಒಂದು ಸ್ವರ ಇಟ್ಟು, ಎರಡನೆಯ ಮಾತ್ರೆಗೆ ಅಂಗೈಯಿಂದ ತಂತಿಯನ್ನು ಒತ್ತಿ ಆ ಸ್ವರವನ್ನು ಕೊಲ್ಲುತ್ತೇನೆ. ಆ ಖಾಲಿ ಜಾಗದಲ್ಲಿ ಸ್ನೇರ್ ಬಂದು ಕೂರುತ್ತದೆ. ನಾನು ಸ್ವರವನ್ನು ಕಾಲು ಮಾತ್ರೆ ಹೆಚ್ಚು ಎಳೆದರೂ ಕುಣಿತ ಕೆಡುತ್ತದೆ.

ಕೆಲವು ವರ್ಷಗಳ ಹಿಂದೆ ಗೋಕರ್ಣದ ಕುಡ್ಲೆ ತೀರದ ಬಳಿ ನುಡಿಸುತ್ತಿದ್ದಾಗ ಹಾಡಿನ ನಡುವೆ ಜನರೇಟರ್ ನಿಂತುಹೋಯಿತು. ದೀಪ ಹೋಯಿತು, ಮೈಕ್ ಹೋಯಿತು, ಗಿಟಾರ್, ಕೀಬೋರ್ಡ್, ನನ್ನ ಬೇಸ್ ಎಲ್ಲ ಮೂಕವಾದವು. ಡ್ರಮ್ಮರ್ ಮಾತ್ರ ನಿಲ್ಲಿಸಲಿಲ್ಲ. ಕತ್ತಲಲ್ಲಿ ಅಲೆಯ ಸದ್ದು, ಅದರ ಮೇಲೆ ಆ ಡ್ರಮ್. ಜನ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಚಪ್ಪಾಳೆ ಹಿಡಿದರು. ನಾನು ಸತ್ತ ತಂತಿಗಳ ಮೇಲೆಯೇ ನುಡಿಸುತ್ತ ಉಳಿದೆ. ನನ್ನ ಕೈಯಳತೆಯಾಚೆ ಯಾರಿಗೂ ಅದು ಕೇಳುತ್ತಿರಲಿಲ್ಲ, ಆದರೆ ಡ್ರಮ್ಮರಿಗೆ ನನ್ನ ಭುಜ ಕಾಣುತ್ತಿತ್ತು. ಐದಾರು ನಿಮಿಷ ಕಳೆದು ಕರೆಂಟ್ ಬಂದಾಗ ಆಂಪ್ಲಿಫೈಯರಿನ ಕೆಂಪು ದೀಪ ಹೊತ್ತಿತು. ಗಿಟಾರಿನವರು ಕೂಡಲೇ ನುಗ್ಗಲಿಲ್ಲ. ದನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿಟ್ಟು, ಡ್ರಮ್ಮರಿನ ಮುಖ ನೋಡುತ್ತ, ಪೂರ್ತಿ ಎರಡು ಆವರ್ತ ಕಾದು, ಮೂರನೆಯದರ ಸಮ್‌ಗೆ ಎಲ್ಲರೂ ಒಂದೇ ಏಟಿಗೆ ಇಳಿದೆವು. ಅಂದು ರಾತ್ರಿ ಜನ ಹಾಕಿದ ಕೇಕೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಆ ಎರಡು ಆವರ್ತದ ಕಾಯುವಿಕೆಯಿಂದಲೇ ಅವರು ಎಂಥ ಗಿಟಾರ್ ವಾದಕರು ಎಂದು ನಾನು ತಿಳಿದೆ.

ಹಾಗಾದರೆ ನೀವು ಕೇಳಿದ್ದು ಕಾಲಹರಣವೋ ಅಲ್ಲವೋ? ನಾನು ಅಲ್ಲಿರಲಿಲ್ಲ, ತೀರ್ಪು ಕೊಡಲಾರೆ. ಆದರೆ ನಿಮ್ಮ ಅನುಮಾನವನ್ನು ತಳ್ಳಿಹಾಕುವುದೂ ಇಲ್ಲ. ಜಾಮ್ ಎಂಬ ಹೆಸರಿನಲ್ಲಿ ಬೇಸರ ಹುಟ್ಟಿಸುವ ತಂಡಗಳು ಬೇಕಾದಷ್ಟಿವೆ. ತಾಳಮದ್ದಳೆಯಲ್ಲಿ ಎದುರಾಳಿಯ ಮಾತಿಗೆ ಕಿವಿಗೊಡದೆ ತಾನು ಮನೆಯಿಂದ ಉರು ಹೊಡೆದು ತಂದದ್ದನ್ನೇ ಒಪ್ಪಿಸುವ ಅರ್ಥಧಾರಿಯನ್ನು ನೀವು ನೋಡಿದ್ದೀರಿ. ಅಂಥ ಗಿಟಾರ್ ವಾದಕರೂ ಇರುತ್ತಾರೆ. ಕಣ್ಣು ಮುಚ್ಚಿ ಐದು ನಿಮಿಷ ವೇಗವಾಗಿ ನುಡಿಸುತ್ತಾರೆ. ಹಿಂದಿನವರು ನಡೆ ಬದಲಿಸಿದರೂ ಇವರಿಗೆ ಗೊತ್ತಾಗುವುದಿಲ್ಲ. ನಾನು ನೋಡುವುದು ಒಂದನ್ನೇ: ಒಬ್ಬರು ಎಸೆದ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆಯೇ? ಗಿಟಾರ್ ಒಂದು ಸಣ್ಣ ಪಲುಕು ಎರಡು ಸಲ ನುಡಿಸಿದರೆ ಕೀಬೋರ್ಡ್ ಅದನ್ನು ತನ್ನ ರೀತಿಯಲ್ಲಿ ಮರಳಿ ಹೇಳುತ್ತದೆಯೇ? ಡ್ರಮ್ಮರ್ ಅದರ ಆಕಾರವನ್ನು ಸ್ನೇರ್ ಮೇಲೆ ತೋರಿಸುತ್ತಾರೆಯೇ? ಇಡೀ ತಂಡ ದನಿ ತಗ್ಗಿಸಿ ಪಿಸುಮಾತಿಗೆ ಇಳಿಯಬಲ್ಲುದೇ? ಈ ಕೊನೆಯದು ಬಹಳ ಕಷ್ಟ. ಐದು ಜನ ಒಟ್ಟಿಗೆ ಜೋರು ಮಾಡುವುದು ಯಾರಿಂದಲೂ ಆಗುತ್ತದೆ. ಒಟ್ಟಿಗೆ ಮೆಲ್ಲಗಾಗಿಯೂ ನಡೆ ಬಿಗಿಯಾಗಿಯೇ ಉಳಿಯಬೇಕಾದರೆ ಒಬ್ಬರನ್ನೊಬ್ಬರು ವರ್ಷಗಟ್ಟಲೆ ಕೇಳಿಸಿಕೊಂಡಿರಬೇಕು. ಏರುವುದಕ್ಕೆ ಮೊದಲು ಇಳಿಯಲು ಬಾರದ ತಂಡದ ಹದಿನೆಂಟು ನಿಮಿಷ ನನಗೂ ಕಾಲಹರಣವೇ.

ನಡುವೆ ಬೇರೆ ಹಾಡು ಬಂದು ಮತ್ತೆ ಮೊದಲಿನದು ಮರಳಿತು ಎಂದಿರಿ. ಅದರಿಂದ ನನಗೆ ಆ ತಂಡದ ಮೇಲೆ ಭರವಸೆ ಹುಟ್ಟಿದೆ. ನಡುವಿನ ಜಾಮ್‌ನಲ್ಲಿ ಕಾರ್ಡ್‌ಗಳ ಸುತ್ತನ್ನು ಬಿಟ್ಟು ಒಂದೇ ಷಡ್ಜದ ಮೇಲೆ ನಿಂತುಬಿಟ್ಟರೆ, ಅಲ್ಲಿಂದ ಅದೇ ಷಡ್ಜವಿರುವ ಯಾವ ಹಾಡಿಗೂ ಬಾಗಿಲು ತೆರೆದಿರುತ್ತದೆ. ಗ್ರೇಟ್‌ಫುಲ್ ಡೆಡ್ ತಂಡ ಒಂದು ಹಾಡಿನ ಹೊಟ್ಟೆಯಿಂದ ಇನ್ನೊಂದನ್ನು ಹೊರಡಿಸುವುದರಲ್ಲಿ ಹೆಸರಾಗಿತ್ತು. ಹೊರಗೆ ಹೋಗುವುದಕ್ಕಿಂತ ಮರಳಿ ಬರುವುದು ಕಠಿಣ. ಅದಕ್ಕೆ ಎತ್ತುಗಡೆ ಬೇಕು. ವೇದಿಕೆಯಲ್ಲಿ ಅದು ಬಹಳ ಸಣ್ಣದು: ಗಿಟಾರಿನ ಕತ್ತು ಒಂದು ಗೇಣು ಮೇಲೇಳುತ್ತದೆ, ಹುಬ್ಬು ಏರುತ್ತದೆ, ಮೂಲ ಹಾಡಿನ ಆರಂಭದ ನಾಲ್ಕೇ ಸ್ವರ ಮೆಲ್ಲಗೆ ಕೇಳುತ್ತದೆ. ಭಾಗವತರ ಕಣ್ಣಂಚು ಮದ್ದಳೆಗಾರರ ಕಡೆ ಹೊರಳುವುದನ್ನು ಗುರುತಿಸಬಲ್ಲ ನಿಮಗೆ ಇದು ಕಾಣಲೇಬೇಕು. ಒಮ್ಮೆ ಕಂಡರೆ ಮುಂದಿನ ಸಮ್ ಎಲ್ಲಿ ಬೀಳುತ್ತದೆ ಎಂದು ನಿಮಗೂ ಗೊತ್ತಿರುತ್ತದೆ, ಆಗ ಇಳಿಯುವವರಲ್ಲಿ ನೀವೂ ಒಬ್ಬರು.

ಸಿದ್ದಿಯರ ಡಮಾಮಿಯ ಬಗ್ಗೆ ಕೇಳಿದ್ದೀರಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ನಮ್ಮ ಸಿದ್ದಿ ಸಮುದಾಯದ ಪೂರ್ವಜರು ಹೆಚ್ಚಾಗಿ ಆಫ್ರಿಕಾದ ಪೂರ್ವ ಭಾಗದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಮೆರಿಕದಲ್ಲಿ ಬ್ಲೂಸ್ ಕಟ್ಟಿದವರ ಪೂರ್ವಜರನ್ನು ಬಹುಪಾಲು ಆಫ್ರಿಕಾದ ಪಶ್ಚಿಮ ಮತ್ತು ಮಧ್ಯ ಭಾಗಗಳಿಂದ ಹಡಗಿಗೆ ತುಂಬಿದರು. ಖಂಡ ಒಂದೇ ಆದರೂ ನಾಡುಗಳು ಬೇರೆ, ಭಾಷೆಗಳು ಬೇರೆ, ದಾರಿಗಳೂ ಬೇರೆ. ಆದ್ದರಿಂದ ಡಮಾಮಿಯನ್ನು ಬ್ಲೂಸ್‌ನ ತಂಗಿ ಎಂದು ಕರೆಯಲು ನಾನು ಒಪ್ಪುವುದಿಲ್ಲ; ಹಾಗೆ ಕರೆದರೆ ಎರಡಕ್ಕೂ ಅನ್ಯಾಯ. ಎರಡೂ ಕಡೆ ದುಡಿತಕ್ಕೆಂದು ಕಿತ್ತು ತಂದ ಜನ ತಮ್ಮ ಲಯವನ್ನು ಕೈಬಿಡಲಿಲ್ಲ ಎಂಬುದು ಮಾತ್ರ ನಿಜ. ಡಮಾಮಿಯನ್ನು ಡಮಾಮಿಯಾಗಿಯೇ ಕೇಳಬೇಕು, ಅದಕ್ಕೆ ಕಾರವಾರದ ವೇದಿಕೆಗಿಂತ ಆ ಊರುಗಳಿಗೇ ಹೋಗುವುದು ಒಳ್ಳೆಯದು.

ಮುಂದಿನ ತಿಂಗಳಿಗೆ ತಯಾರಿ ಎಂದರೆ ಎರಡು ಧ್ವನಿಮುದ್ರಣ ಸಾಕು. ಒಂದು, ಆಲ್‌ಮನ್ ಬ್ರದರ್ಸ್ ತಂಡ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್‌ನಲ್ಲಿ ನುಡಿಸಿದ್ದು. ಇಬ್ಬರು ಡ್ರಮ್ಮರುಗಳು, ಇಬ್ಬರು ಗಿಟಾರಿನವರು, ಒಂದು ಹಾಡು 23 ನಿಮಿಷ. ಇನ್ನೊಂದು, ನ್ಯೂ ಆರ್ಲಿಯನ್ಸಿನ ದಿ ಮೀಟರ್ಸ್ ತಂಡದ 1969ರ ‘ಸಿಸ್ಸಿ ಸ್ಟ್ರಟ್’. ಮೂರು ನಿಮಿಷದ ಈ ವಾದ್ಯರಚನೆಯಲ್ಲಿ ನಾಲ್ವರಲ್ಲಿ ಯಾರೂ ಒಂದು ಸ್ವರವನ್ನೂ ವ್ಯರ್ಥವಾಗಿ ನುಡಿಸುವುದಿಲ್ಲ. ಮೊದಲ ಸಲ ಬೇಸ್ ಮಾತ್ರ ಕೇಳಿ, ಎರಡನೆಯ ಸಲ ಡ್ರಮ್ಸ್ ಮಾತ್ರ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಬೇಸ್ ಕೇಳುವುದೇ ಇಲ್ಲ. ಮಗಳ ಹೆಡ್‌ಫೋನ್ ಕೇಳಿ ಪಡೆದುಕೊಳ್ಳಿ.

ಅಲ್ಲಿ ಹೋದ ಮೇಲೆ ವೇದಿಕೆಯ ಬುಡದಲ್ಲಿ ನಿಲ್ಲಬೇಡಿ. ಧ್ವನಿ ನಿಯಂತ್ರಿಸುವವರ ಮೇಜು ಎಲ್ಲಿದೆ ನೋಡಿ ಅದರ ಪಕ್ಕ ನಿಲ್ಲಿ. ಅವರು ತಮ್ಮ ಕಿವಿಗೆ ಸರಿ ಅನಿಸುವಂತೆಯೇ ಎಲ್ಲ ಹೊಂದಿಸಿರುತ್ತಾರೆ. ಕಡಲತೀರದಲ್ಲಿ ಗಾಳಿ ಗಿಟಾರಿನ ಮೇಲಿನ ಸ್ವರಗಳನ್ನು ಅತ್ತಿತ್ತ ಎಳೆದೊಯ್ಯುತ್ತದೆ, ತೀರಾ ಹಿಂದೆ ನಿಂತರೆ ಬರೀ ಗುಂಯ್‌ಗುಡುವ ಬೇಸ್ ಉಳಿಯುತ್ತದೆ. ಕಿವಿಗೆ ಇಡುವ ಮೆತ್ತನೆಯ ಬಿರಡೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ತಪ್ಪದೆ ಒಯ್ಯಿರಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆದುಕೊಳ್ಳಬಹುದು ಎಂಬುದು ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ, ಅಂದರೆ ನಿಮ್ಮ ಒಂದು ಹಾಡಿಗೂ ಸಾಲದು. ನಾನು ಇಪ್ಪತ್ತರ ಹರೆಯದಲ್ಲಿ ಇದನ್ನು ಕೇಳಿಸಿಕೊಳ್ಳಲಿಲ್ಲ, ಈಗ ನನ್ನ ಎಡಗಿವಿಯಲ್ಲಿ ರಾತ್ರಿ ಹೊತ್ತು ಸಣ್ಣಗೆ ಜೀರುಂಡೆ ಕೂಗುತ್ತಿರುತ್ತದೆ. ಮಗಳಿಗೂ ಒಂದು ಜೊತೆ ಕೊಡಿಸಿ.

ಕೊನೆಯದಾಗಿ ಸಮಯದ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ ಹದಿನೈದು ದಿನ ಮೀರದಂತೆ ರಾಜ್ಯ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು, ಅಷ್ಟೇ. ಹಾಗಾಗಿ ನಮ್ಮ ಕರಾವಳಿಯ ಬ್ಯಾಂಡುಗಳೂ ಈಗ ಕಾಲಮಿತಿ ಯಕ್ಷಗಾನದ ಹಾಗೆ ಹತ್ತಕ್ಕೆ ಮಂಗಳ ಹಾಡುತ್ತವೆ. ಉದ್ದದ ಜಾಮ್ ಸಾಮಾನ್ಯವಾಗಿ ಎರಡನೆಯ ಭಾಗದಲ್ಲಿ, ಎಂಟೂವರೆಯ ಸುಮಾರಿಗೆ ಶುರುವಾಗುತ್ತದೆ. ನೀವು ಮಾತ್ರ ಸಂಜೆ ಐದೂವರೆಗೇ ತೀರಕ್ಕೆ ಹೋಗಿ. ಆಗ ಧ್ವನಿ ಪರೀಕ್ಷೆ ನಡೆಯುತ್ತಿರುತ್ತದೆ. ಜನ ಇರುವುದಿಲ್ಲ, ದೀಪಗಳು ಹೊತ್ತಿರುವುದಿಲ್ಲ. ಬೇಸ್‌ನವರೂ ಡ್ರಮ್ಮರೂ ಎದುರುಬದುರು ನಿಂತು ಒಂದೇ ಆವರ್ತವನ್ನು ಹತ್ತು ನಿಮಿಷ ತಿರುಗಿಸುತ್ತಿರುತ್ತಾರೆ. ಹತ್ತಿರ ಹೋಗಿ ನಿಲ್ಲಿ, ಬೆರಳ ಗೆಣ್ಣು ಎಣಿಸಿ. ಬಿಡುವಾದಾಗ ತಾಳಮದ್ದಳೆ ಕೇಳಿದವನು ಎಂದು ಪರಿಚಯ ಹೇಳಿಕೊಳ್ಳಿ. ಆ ರಾತ್ರಿ ಅವರು ಇನ್ನೂ ಸ್ವಲ್ಪ ಎಚ್ಚರದಿಂದ ನುಡಿಸುತ್ತಾರೆ.